ಕೆಂಪು ಸುತ್ತು, ನೀಲಿ ಗೀರು

ಇಲ್ಲಿ ಅಮೆರಿಕದ ಮಿಲ್ಪಿಟಾಸಿನ ದಿನಸಿ ಅಂಗಡಿಯವರು ಕೊಟ್ಟ ಹೊಸ ತಿಥಿ ಕ್ಯಾಲೆಂಡರನ್ನು ಇಂದು ಬೆಳಿಗ್ಗೆ ಬಿಚ್ಚಿದೆ. ಅಚ್ಚಿನ ಮಸಿಯ ವಾಸನೆ ಮೂಗಿಗೆ ತಾಗಿದೊಡನೆ ಹಳೆಯ ಕ್ಯಾಲೆಂಡರು ನೆನಪಾಗಿ, ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು.

ಅವಮಾನಗಳನ್ನು ನಾನು ಮರೆಯುವವಳಲ್ಲ, ಓದುಗರೇ. ನನ್ನ ಮದುವೆಯ ಊಟದಲ್ಲಿ ಬೀಗರ ಕಡೆಯ ಹೆಂಗಸೊಬ್ಬರು ನಮ್ಮ ಹೋಳಿಗೆ ದಪ್ಪವೆಂದದ್ದು ಇಂದಿಗೂ ಶಬ್ದಶಃ ನೆನಪಿದೆ. ದಪ್ಪವಿರಲಿಲ್ಲ. ಹೀಗಿರುವ ನಾನು, ಮಗಳು ವಿದ್ಯಾಳ ಸನ್ನಿವೇಲ್ ಮನೆಗೆ ಬಂದ ಮೇಲೆ, ಅವಳ ಒಂದೊಂದು ಒರಟು ಮಾತಿಗೂ ಕ್ಯಾಲೆಂಡರಿನಲ್ಲಿ ನೀಲಿ ಗೀರು ಎಳೆಯುತ್ತಿದ್ದೆ. ಪೂಜೆಗೆ ಅಡ್ಡಿಯಾಗದಿರಲೆಂದು ಅವಳ ಮುಟ್ಟಿನ ದಿನಕ್ಕೆ ಕೆಂಪು ಸುತ್ತು ಹಾಕುವ ಮನೆತನದ ಪದ್ಧತಿಯನ್ನೂ ಬಿಟ್ಟಿರಲಿಲ್ಲ.

ಎರಡು ವಾರ ಪ್ರೀತಿಯಿಂದ ನನ್ನ ತಲೆಗೆ ಎಣ್ಣೆ ಹಚ್ಚುವ ಮಗಳು ಒಂದು ದಿನ ಇದ್ದಕ್ಕಿದ್ದಂತೆ, "ಅವ್ವಾ, ನೀ ಉಸಿರಾಡೋ ಸಪ್ಪಳಾನೂ ನನಗ ತಡಕೊಳ್ಳಲಿಕ್ಕೆ ಆಗವಲ್ದು" ಎನ್ನುವಳು. ಬಾಗಿಲು ಹಾಕಿಕೊಂಡು ಅಳುವಳು. ಅಮಾವಾಸ್ಯೆಯ ಪ್ರಭಾವವೇ ಎಂದು ತಿಥಿ ನೋಡಿದೆ, ಹೊಂದಲಿಲ್ಲ. ಆಫೀಸಿನ ಕಾಟವೆಂದುಕೊಂಡೆ, ರಜೆಯಲ್ಲೂ ಹಾಗೆಯೇ. ಕೊನೆಗೆ ನನ್ನ ಮೇಲಿನ ದ್ವೇಷವೆಂದು ತೀರ್ಮಾನಿಸಿದೆ. ನನಗೆ ಒಗ್ಗಿದ ತೀರ್ಮಾನ ಅದು.

ಒಂದು ಮಧ್ಯಾಹ್ನ ಅವಳು ಪಾತ್ರೆ ತೊಳೆಯುತ್ತಾ, "ನಾ ಇರಲಿಕ್ಕೇ ಬಾರದು ಅನಸ್ತದವ್ವಾ" ಎಂದಳು. ಗೀರು ಎಳೆಯಲು ಕೈ ಬರಲಿಲ್ಲ. ಅಂದೇ ಡಾಕ್ಟರ ಬಳಿಗೆ ಕಳಿಸಿದೆ.

ಬಂದವಳು, "ಎರಡು ತಿಂಗಳು ದಿನಾ ಮೂಡು ಹೆಂಗಿತ್ತು ಅಂತ ಬರದು ತೋರಸಬೇಕಂತ" ಎಂದಳು. ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನತ್ತ ಹೋಯಿತು. ಅವಳದೂ ಹಿಂಬಾಲಿಸಿತು.

"ಈ ನೀಲಿ ಗೀರು ಏನು?"

"ನೀ ನನಗ ಅಂದದ್ದು."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ."

"ಭಾರೀ ಹೆಂಗಸು ನೀನು!" ಎಂದು ನಕ್ಕಳು. ನಗುತ್ತಲೇ ಪುಟ ತಿರುವುತ್ತಿದ್ದ ಬೆರಳು ನಿಂತಿತು. ಪ್ರತಿ ಕೆಂಪು ಸುತ್ತಿನ ಹಿಂದಿನ ವಾರ ನೀಲಿ ಗೀರುಗಳ ಗುಂಪು; ಸುತ್ತು ದಾಟಿ ಎರಡು ದಿನವಾದ ಮೇಲೆ ಹಾಳೆ ಬಹುತೇಕ ಖಾಲಿ. ಎರಡನ್ನೂ ನಾನೇ ಬರೆದಿದ್ದೆ. ಒಟ್ಟಿಗೆ ಒಮ್ಮೆಯೂ ಓದಿರಲಿಲ್ಲ.

ಮುಟ್ಟಿಗೆ ಮುಂಚಿನ ಸಾಮಾನ್ಯ ಕಿರಿಕಿರಿಯಲ್ಲ, ಇದೊಂದು ಕಾಯಿಲೆ, ಚಿಕಿತ್ಸೆಯಿದೆ ಎಂದರು ಡಾಕ್ಟರು, ಅವಳು ಬರೆದ ಎರಡು ತಿಂಗಳನ್ನೂ ನೋಡಿದ ಮೇಲೆ. ಒಳ್ಳೆಯದೇ. ಆದರೆ ಆ ಮಾತುಗಳನ್ನು ಕಾಯಿಲೆ ಆಡಿತೆಂದರೆ ನಾನು ಸಿಟ್ಟಾಗಬೇಕಾದದ್ದು ಯಾರ ಮೇಲೆ? ಒಳ್ಳೆಯ ವಾರಗಳಲ್ಲೂ ಕೆಲವು ಒಂಟಿ ಗೀರುಗಳಿವೆ. ನನ್ನ ಹುಳಿಯನ್ನು ನೀರೆಂದದ್ದು ಖಂಡಿತ ಅವಳೇ.

"ಅವ್ವಾ, ಆ ಕಾಗದದ ಸಪ್ಪಳ ನಿಲ್ಲಸ್ತೀಯೇನು!" ಒಳಗಿನಿಂದ ಈಗಷ್ಟೇ ಕೂಗಿದಳು. ಮುಂದಿನ ಕೆಂಪು ಸುತ್ತಿಗೆ ಉಳಿದ ದಿನ ಎಣಿಸಿದೆ; ಒಂದು ವಾರವೂ ಇರಲಿಲ್ಲ. ಪೆನ್ನು ಹಿಡಿದೇ ಅವಳ ಬಾಗಿಲಿಗೆ ಹೋದೆ.

"ಇರಬಾರದು ಅಂತ ಅನಸ್ತದೇನು?"

"ಇಲ್ಲವ್ವಾ. ಬರೀ ಸಿಟ್ಟು."

ಹಿಂತಿರುಗಿ ಹೊಸ ಹಾಳೆಯ ಮೇಲೆ ಗೀರು ಎಳೆದೆ. ನನ್ನ ಅವಮಾನದ ಲೆಕ್ಕಕ್ಕೋ ಅವಳ ಡಾಕ್ಟರ ಲೆಕ್ಕಕ್ಕೋ, ನನಗೇ ತಿಳಿಯಲಿಲ್ಲ.