ಸಲಗ ದಾಟುವವರೆಗೆ ಗಿರಿಜಕ್ಕನ ಅಂಗಡಿಯಲ್ಲಿ

ಭದ್ರಾವತಿಯಿಂದ ಕಾಡುದಾರಿಯಲ್ಲಿ ಬರುವಾಗ ನಮ್ಮ ಬೈಕ್ ಪಂಕ್ಚರಾಯಿತು. ನನ್ನನ್ನು ರಸ್ತೆಬದಿಯ ಒಂಟಿ ಅಂಗಡಿಯಲ್ಲಿ ಕೂರಿಸಿ, ಪಂಕ್ಚರ್ ಹಾಕುವವನನ್ನು ಕರೆತರಲು ಗಂಡ ಯಾರದೋ ಪಿಕಪ್ ಹತ್ತಿ ಹೋದರು. ಅಂಗಡಿಯೊಳಗೆ ಹಗ್ಗ, ಮಕ್ಕಳ ಚಪ್ಪಲಿ, ಶಾಂಪೂ ಪ್ಯಾಕೆಟ್ ಎಲ್ಲ ಒಂದೇ ಮೊಳೆಗೆ ನೇತಾಡುತ್ತಿದ್ದವು.

ಅಷ್ಟರಲ್ಲಿ ಹಾಲಿನವರು ಬಂದು, "ತಿರುವಲ್ಲಿ ಒಂಟಿ ಸಲಗ ನಿಂತೈತೆ" ಎಂದರು. ಗಂಡ ವಾಪಸ್ ಬರಬೇಕಾದದ್ದು ಅದೇ ದಾರಿ. ಫೋನಿಗೆ ಸಿಗ್ನಲ್ ಇಲ್ಲ. ನಾನು ಎದ್ದು ಬಾಗಿಲಿಗೆ ಬಂದೆ.

ಅಂಗಡಿಯ ಗಿರಿಜಕ್ಕ ಎರಡು ಖಾಲಿ ಡ್ರಮ್ಮುಗಳನ್ನು ಉರುಳಿಸಿ ರಸ್ತೆಗೆ ಅಡ್ಡ ಇಟ್ಟರು. ಬಂದ ಗಾಡಿಗಳನ್ನೆಲ್ಲ ನಿಲ್ಲಿಸಿ, ಜನರನ್ನು ಒಳಗೆ ಕರೆದು ಟೀ ಸೋಸತೊಡಗಿದರು. ಇದು ಅವರಿಗೆ ದಿನನಿತ್ಯದ ಕೆಲಸದಂತಿತ್ತು.

"ಹೆದರ್ಬೇಡ ಮಾರಾಯ್ತಿ. ಆ ತುದೀಲಿ ನಮ್ಮಣ್ಣನ ಅಂಗಡಿ ಐತೆ. ಅವ್ನೂ ಯಾರನ್ನೂ ಬಿಡಲ್ಲ. ನಿಮ್ಮನೆಯೋರು ಅಲ್ಲೇ ಕೂತಿರ್ತಾರೆ" ಎಂದರು.

ನನಗೆ ನಂಬಿಕೆ ಬರಲಿಲ್ಲ. ಟೀ ಆರಿಹೋದರೂ ರಸ್ತೆಯನ್ನೇ ನೋಡುತ್ತ ನಿಂತೆ. ಕೊನೆಗೂ ಸ್ಕೂಟರ್ ಸದ್ದು ಕೇಳಿತು. ಪಂಕ್ಚರಿನವನ ಹಿಂದೆ ಗಂಡ ನಗುತ್ತ ಕೂತಿದ್ದರು.

"ಸಲಗ ದಾಟೋವರೆಗೂ ಆ ತುದಿಯ ಅಂಗಡೀಲಿ ಕೂರಿಸಿದ್ರು. ಅಲ್ಲಿ ಬೋಂಡ ಬಿಸಿಬಿಸಿ ಇತ್ತು ಕಣೆ" ಎಂದರು.

ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಬಾಯಿ ತೆರೆಯುವಷ್ಟರಲ್ಲಿ ಗಿರಿಜಕ್ಕ ನನ್ನ ಗಂಡನ ಕೈಗೆ ಲೋಟ ಕೊಟ್ಟು, "ಮೊದ್ಲು ಟೀ ಕುಡೀರಿ. ಬೈಗುಳ ಆಮೇಲೆ ತಿನ್ನೋರಂತೆ" ಎಂದರು.