ಬ್ರೇಕಿನ ರಬ್ಬರ್ ನೋಡಿ ಗುಣ ಹೇಳ್ತಿದ್ದ ನೂರ್ ಅಹಮದ್

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಬಾಜು ಸೈಕಲ್ ರಿಪೇರಿ ಮಾಡ್ತಿದ್ದ ನೂರ್ ಅಹಮದ್‌ಗೆ ಒಂದು ಚಟ ಇತ್ರಿ. ಸೈಕಲ್ ನೋಡಿ ಮನುಷ್ಯಾನ ಗುಣ ಹೇಳೋದು. ಚೈನಿಗೆ ಎಣ್ಣಿ ಇಲ್ಲಂದ್ರ ಸೋಮಾರಿ. ಸೀಟಿಗೆ ಹೂವಿನ ಕವರ್ ಇದ್ರ ಶೋಕಿವಾಲ. ಬ್ರೇಕಿನ ರಬ್ಬರ್ ಸವೆದಿದ್ರ ಅಂಜುಬುರುಕ. ನನ್ನ ಸೈಕಲ್ಲಿಗೆ ಬೆಲ್ಲೇ ಇರಲಿಲ್ಲ. "ಬೊಮ್ಮಯ್ಯಣ್ಣ, ನಿನಗ್ಯಾಕ ಬೆಲ್ಲು? ನೀ ಬರೋಕಿಂತ ಅರ್ಧ ಮೈಲಿ ಮೊದ್ಲು ನಿನ್ನ ಬಾಯಿ ಬರ್ತೈತಿ" ಅಂತಿದ್ದ.

ಆ ಸೈಕಲ್ ಸಾಮಾನ್ಯದ್ದಲ್ರಿ. ಒಂದ್ಸಲ ಮೈಲಾರಕ್ಕ ಹೊಂಟಾಗ, ಹಿಂದಿನ ಬಸ್ಸು ನನ್ನ ದಾಟಾಕ ಆಗದ ಹಡಗಲಿ ತನಕ ಹಿಂದೇ ಬಂತು. ನಂಬಲಿಲ್ಲಂದ್ರ ಡ್ರೈವರನ್ನ ಕೇಳ್ರಿ. ಪಾಪ, ಅಂವ ಈಗಿಲ್ಲ, ಅದು ಬ್ಯಾರೆ ಮಾತು.

ಇರ್ಲಿ. ತೊಂಬತ್ತಾರನೇ ಇಸವಿಯಾಗ ನೂರ್ ಅಹಮದ್‌ನ ಮಗಳು ಅಸ್ಫಿಯಾ ಟೀಚರ್ ಆಗಾಕ ಟಿ.ಸಿ.ಎಚ್. ಓದ್ತಿದ್ಲು. ಅವಳನ್ನ ನೋಡಾಕ ಮುನಾವರ ಬಂದ. ಹಿರೇಹಡಗಲಿ ಕಡೆಯವ, ನಮ್ಮೂರಾಗ ಟೇಲರ್ ಅಂಗಡಿ ಇಟ್ಟಿದ್ದ. ನನ್ನೂ ಕರೆದಿದ್ರು. ಹುಡುಗ ತಲಿ ತಗ್ಗಿಸಿ ಚಾ ಕುಡೀತಿದ್ದ. ನೂರ್ ಅಹಮದ್ ಮಾತ್ರ ಹೊರಗ ಕುಕ್ಕರಗಾಲಿಲೆ ಕುಂತು ಹುಡುಗನ ಸೈಕಲ್ ನೋಡ್ತಿದ್ದ!

ಹುಡುಗ ಹೋದ ಕೂಡ್ಲೇ ನೂರ್ ಅಹಮದ್ ತೀರ್ಪು ಕೊಟ್ಟ. "ನಾಲ್ಕೂ ರಬ್ಬರ್ ಸವೆದು ಕಬ್ಬಿಣ ಕಾಣ್ತೈತಿ. ಅಂಜುಬುರುಕ. ಮಾತೂ ಆಡಲ್ಲ. ನಾಳೆ ಬ್ಯಾಡ ಅಂತ ಹೇಳಿ ಕಳಿಸ್ತೀನಿ."

ಅಸ್ಫಿಯಾ ಒಳಗಿಂದ ಬಂದ್ಲು. ಹುಡುಗ ಅವಳ ಮನಸ್ಸಿಗೆ ಬಂದಾನ ಅಂತ ನನಗ ಅವಳ ಮಕ ನೋಡೇ ತಿಳೀತು.

"ಅಬ್ಬಾಜಾನ್, ನಮ್ಮ ಪಾಠದಾಗ ಅಂತರ್ಮುಖಿ, ಬಹಿರ್ಮುಖಿ ಅಂತ ಐತಿ. ಒಳಗೇ ಇರೋರು, ಮಂದ್ಯಾಗ ಬೆರೆಯೋರು. ಆದ್ರ ಬಾಳ ಮಂದಿ ನಡುವಿನವ್ರಂತ. ಒಬ್ನೇ ಮನುಷ್ಯ ಒಂದೊಂದು ಕಡೆ ಒಂದೊಂದು ಥರ ಇರ್ತಾನಂತ."

"ಸೈಕಲ್ ಸುಳ್ಳು ಹೇಳಲ್ಲ ಬೇಟಿ."

"ರಬ್ಬರ್ ಸವೆದಿದ್ದು ನೋಡೀರಿ. ಯಾಕ ಸವೀತು ಅಂತ ಕೇಳೀರೇನು?"

ನೂರ್ ಅಹಮದ್ ನನ್ನ ಮಕ ನೋಡಿದ. ನಾನು ಚಾ ಬಸಿ ನೋಡಿದೆ.

ಆದ್ರ ಆ ಪ್ರಶ್ನಿ ಅವನನ್ನ ಬಿಡಲಿಲ್ಲ. ಮರುದಿನ ಮುಂಜಾನೆ ಅಂಗಡಿ ತೆಗೀದ ನನ್ನ ಎಳ್ಕೊಂಡು ಟೇಲರ್ ಮನಿ ಕಡೆ ಹೊಂಟ. ದವಾಖಾನಿ ಇಳಿಜಾರಿನಾಗ ಮುನಾವರ ಎದುರಿಗೇ ಬಂದ. ಹಿಂದ ಕ್ಯಾರಿಯರ್ ಮ್ಯಾಲ ಅವನ ದಾದಿ, ಅಂದ್ರ ಅಪ್ಪನ ಅವ್ವ, ಜೈತುನ್ ಬೀ, ಮೊಣಕಾಲಿಗೆ ದೊಡ್ಡ ಪಟ್ಟಿ. ಅಂವ ಎರಡೂ ಬ್ರೇಕ್ ಹಿಡಿದು ಇರುವಿಗಿಂತ ಮೆಲ್ಲಕ ಬರ್ತಿದ್ದ.

"ಲೇ ಮುನಾವರ, ಮೆಲ್ಲಕೋ! ದಿನಾ ಹೇಳಬೇಕೇನೋ ನಿನಗ? ನನ್ನ ಕಾಲು ಅಂಗಡ್ಯಾಗ ಸಿಗಲ್ಲಲೇ!"

"ಇನ್ನೂ ಮೆಲ್ಲಕ ಹೋದ್ರ ಬೀಳ್ತೀವಿ ದಾದಿ!"

ಮುದುಕಿನ ದವಾಖಾನ್ಯಾಗ ಕುಂದ್ರಿಸಿ ಅಂಗಡಿಗೆ ತಿರುಗಿದ ನೋಡ್ರಿ! ಪೆಡಲ್ ಮ್ಯಾಲ ನಿಂತು, ಸಿಳ್ಳಿ ಹೊಡೀತಾ ಹೋದ. ಅವನ ಗಾಳಿಗೆ ನನ್ನ ಟವೆಲ್ ಹಾರಿ ಜಾಲಿಗಿಡಕ್ಕ ಬಿತ್ತು. ಇದು ಮಾತ್ರ ಖರೇ.

ನೂರ್ ಅಹಮದ್ ಬಾಯಿ ತೆರಕೊಂಡು ನಿಂತಿದ್ದ. "ಒಂದ ಸೈಕಲ್ಲು, ಒಬ್ನ ಹುಡುಗ. ಇಂವನ್ನ ಯಾವ ಜಾತ್ಯಾಗ ಹಾಕ್ಲಿ ಬೊಮ್ಮಯ್ಯಣ್ಣ?"

"ನನ್ನ ಕೇಳಿದ್ರ? ಹೋಗಿ ಅವನ್ನೇ ಕೇಳಪ್ಪ."

ಹೋಗಿ ಕೇಳೇ ಬಿಟ್ಟ! ಹೊಲಿಗಿ ಮಿಷನ್ ಮುಂದ ನಿಂತು, "ನನ್ನ ಮಗಳು ಹಿಂದ ಕುಂತ್ರ ಸೈಕಲ್ ಹೆಂಗ ಹೊಡೀತಿ?"

ಹುಡುಗನ ಕಿವಿ ಕೆಂಪಾದ್ವು. ಕೈಯಾಗಿನ ಟೇಪು ಸುತ್ತಿದ, ಬಿಚ್ಚಿದ, ಮತ್ತ ಸುತ್ತಿದ. "ಅದನ್ನ ನಿಮ್ಮ ಮಗಳನ್ನೇ ಕೇಳ್ಬೇಕ್ರಿ."

ನೂರ್ ಅಹಮದ್ ಅವನ ಹೆಗಲ ಮ್ಯಾಲ ಕೈ ಇಟ್ಟ. "ಶುಕ್ರವಾರ ನಮಾಜ್ ಮುಗಿಸಿ ದಾದಿನ ಮನಿಗೆ ಕರ್ಕೊಂಡು ಬಾ. ಅವಳನ್ನೇ ಕೇಳಿ ನಿಖಾ ದಿನ ಗೊತ್ತು ಮಾಡೋಣು."