ನನ್ನ ಹೆಸರಿನ ಬೆಂಗಳೂರು

ನನಗೆ ಬೆಂಗಳೂರು ಬಹಳ ಹಿಡಿಸಿದೆ ಎಂಬ ಸಂಗತಿ ನನಗೇ ಗೊತ್ತಾದದ್ದು ಒಂದು ವಾರಪತ್ರಿಕೆಯಿಂದ. ಮಲ್ಲೇಶ್ವರದ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯ ವಿಮಲಮ್ಮ ಕಾಂಪೌಂಡಿನ ಮೇಲಿಂದ ಪತ್ರಿಕೆ ಚಾಚಿ, "ಏನ್ರೀ ಗಂಗಾ, ಇಷ್ಟು ಚೆನ್ನಾಗಿ ಬರೀತೀರಾ, ನಮಗೊಂದು ಮಾತೂ ಹೇಳ್ಲಿಲ್ವಲ್ಲ!" ಎಂದರು. ನೋಡಿದರೆ ಇಡೀ ಪುಟದ ಬರಹ. ಬಾಗಲಕೋಟೆ ಕಡೆಯ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು, ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಓದಿ, ಎಲ್ಲವನ್ನೂ ನಗುನಗುತ್ತ ತೂಗಿಸಿಕೊಂಡು ಹೋಗುವ ಕಥೆ. 'ಈ ಊರು ನನ್ನನ್ನು ಮಗಳಂತೆ ಬರಮಾಡಿಕೊಂಡಿತು' ಎಂಬುದು ಕೊನೆಯ ಸಾಲು. ಅದರ ಕೆಳಗೆ 'ಗಂಗಾ ಮಹೇಶ್' ಎಂದು ನನ್ನ ಹೆಸರು. ನಾನು ಅದರ ಒಂದಕ್ಷರವನ್ನೂ ಬರೆದಿರಲಿಲ್ಲ.

ಬೇರೆ ಯಾರೋ ಗಂಗಾ ಇರಬಹುದು ಎಂದುಕೊಂಡೆ. ಆದರೆ ಆ ಬರಹದ ಮಗಳು ಚಪ್ಪಲಿಯನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಳ್ಳುತ್ತಿದ್ದಳು, ಥೇಟ್ ನನ್ನ ಮಗಳ ಹಾಗೆ. ಇದು ಗೊತ್ತಿರುವವರು ನಮ್ಮ ಮನೆಯಲ್ಲಿ ಮೂವರು. ನಾನು ಬರೆದಿಲ್ಲ. ಅತ್ತೆ ಬರೆಯುವವರಲ್ಲ. ಉಳಿದವರು ನಮ್ಮ ಯಜಮಾನರು.

ಕೇಳಿದ್ದಕ್ಕೆ ಅವರು ಒಂದಿಷ್ಟೂ ಅಳುಕದೆ ಹೇಳಿದರು: "ಸರ್ಕಾರಿ ಕೆಲಸ ಕಣೇ. ಪತ್ರಿಕೆಗೆ ಬರೀಬೇಕು ಅಂದ್ರೆ ಮೇಲಿನವ್ರ ಪರ್ಮಿಷನ್ ಕೇಳ್ಬೇಕು. ನಿನ್ನ ಹೆಸರಿದ್ರೆ ಯಾರಿಗೂ ತೊಂದ್ರೆ ಇಲ್ಲ. ಹೆಂಗಸರು ಬರೆದದ್ದನ್ನ ಬೇಗ ಹಾಕ್ತಾರೆ ಬೇರೆ."

"ಅನುಭವ ನಂದು. ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?"

"ಸರಿ, ಇನ್ಮೇಲೆ ಕೇಳ್ತೀನಿ ಬಿಡು."

ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ಪತ್ರಿಕೆಯವರು ಆ ಪುಟವನ್ನು ಪ್ರತಿ ವಾರ ಬರೆಯಲು ಕೇಳಿದ್ದರು. ಸಂಜೆ ಮನೆಗೆ ಬಂದ ಕೂಡಲೇ "ಇವತ್ತು ಕಾಲೇಜಲ್ಲಿ ಏನಾಯ್ತು?" ಎಂದು ಕೇಳುತ್ತಿದ್ದರು. "ಕಾಲು ನೋವಾ?" ಎನ್ನುತ್ತಿದ್ದರು. ಮೊದಲಾಗಿದ್ದರೆ ಹಿಗ್ಗುತ್ತಿದ್ದೆ. ಈಗ ಉತ್ತರ ಕೊಡುವ ಮೊದಲು ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇದೆಯೋ ಇಲ್ಲವೋ ನೋಡುತ್ತಿದ್ದೆ. ನನ್ನ ಕಾಲುನೋವಿನ ಮೇಲೆ ಇರುವುದು ಅಕ್ಕರೆಯೋ, ಮುಂದಿನ ವಾರದ ಪುಟ ತುಂಬಿಸುವ ಚಿಂತೆಯೋ ತಿಳಿಯದೆ ಒದ್ದಾಡಿದೆ.

ಸಂಶಯ ನನಗೆ ಹೊಸದೇನಲ್ಲ, ಈ ಊರಿಗೆ ಬಂದ ಮೇಲೆ ಹತ್ತಿದ ಚಟ. ನಮ್ಮ ಕಡೆ ಓಣಿಗೊಂದು ಹೆಸರಿರುತ್ತದೆ, ಆ ಹೆಸರಿನ ಹಿಂದೆ ಯಾರೋ ಒಬ್ಬರು ಇರುತ್ತಾರೆ. ಇಲ್ಲಿ ರಸ್ತೆಗಳಿಗೆ ನಂಬರು, ಇಷ್ಟನೇ ಮೇನು, ಅಷ್ಟನೇ ಕ್ರಾಸು. ನಮ್ಮಲ್ಲಿ "ಊಟಕ್ಕ ಬರ್ರಿ" ಎಂದರೆ ತಾಟು ಹಾಕಿಯೇ ಕರೆದಿರುತ್ತಾರೆ. ಇಲ್ಲಿ "ಬನ್ನಿ ಒಂದ್ಸಲ ಮನೆಗೆ" ಎನ್ನುವಾಗಲೇ ಗೇಟಿನ ಚಿಲಕ ಬೀಳುತ್ತದೆ. ಹೊಸದರಲ್ಲಿ ನಂಬಿ ಒಬ್ಬರ ಮನೆಗೆ ಹೋಗಿಬಿಟ್ಟಿದ್ದೆ. ಆ ಹೆಂಗಸು ನನ್ನನ್ನು ಜಗುಲಿಯಲ್ಲೇ ನಿಲ್ಲಿಸಿ, "ಏನಾದ್ರೂ ಬೇಕಿತ್ತಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಇನ್ನು ರೊಟ್ಟಿ. ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯಬೇಕು. ಊರಲ್ಲಿ ಬೆಳಗಾದರೆ ಮನೆಮನೆಯಿಂದ ಅದೇ ಸದ್ದು, ಯಾವುದಾದರೂ ಮನೆಯಿಂದ ಕೇಳದಿದ್ದರೆ ಅಲ್ಲಿ ಯಾರಿಗೋ ಹುಷಾರಿಲ್ಲ ಎಂದು ತಿಳಿಯಬೇಕು. ಇಲ್ಲಿ ನಾವಿದ್ದದ್ದು ಮಹಡಿ ಮನೆ. ನಾನು ಮೊದಲ ಸಲ ಬಡಿದಾಗ ಅತ್ತೆ ಓಡಿ ಬಂದರು. "ಏನಮ್ಮಾ ಅದು ಸದ್ದು? ಕೆಳಗಡೆ ಮನೆಯವ್ರು ಏನಂದ್ಕೋತಾರೆ?" ಬೈಯಲಿಲ್ಲ, ಅಷ್ಟೇ ಕೇಳಿದರು. ಊರಿಂದ ತಂದ ಹಿಟ್ಟು ಡಬ್ಬಿಯಲ್ಲೇ ಹುಳ ಹಿಡಿಯಿತು. ನಾನು ಅನ್ನ, ಹುಳಿ ಮಾಡುವುದನ್ನು ಕಲಿತೆ. ಆ ಹುಳಿಗೂ ಇವರು ಬೆಲ್ಲ ಹಾಕುತ್ತಾರೆ.

ಕೆಲಸ ಶೇಷಾದ್ರಿಪುರದ ಒಂದು ಡಿಟಿಪಿ ಅಂಗಡಿಯಲ್ಲಿ. ಲಗ್ನಪತ್ರಿಕೆ, ವಿದ್ಯಾರ್ಥಿಗಳ ಪ್ರಬಂಧ, ಸಂಘಗಳ ಕರಪತ್ರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಕ್ಷರಕ್ಕಿಳಿಸುವುದು. ಸಂಜೆ ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಕ್ಲಾಸು. ಓದಿನ ನೆಪದಲ್ಲಿ ಕೆಲಸ ಬಿಟ್ಟು ಬೇಗ ಎದ್ದುಹೋಗುತ್ತೇನೆಂದು ಅಂಗಡಿ ಮಾಲೀಕರಿಗೆ ಅನುಮಾನ. ಕ್ಲಾಸು ಬಿಟ್ಟು ಎಲ್ಲೆಲ್ಲಿ ಸುತ್ತಿ ಬರುತ್ತೇನೋ ಎಂದು ಅತ್ತೆಗೆ ಅನುಮಾನ. ಮಗಳನ್ನು ಅವರೇ ನೋಡಿಕೊಳ್ಳುತ್ತಿದ್ದುದರಿಂದ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಯಜಮಾನರ ಕೈಬರಹದ ಹಾಳೆಗಳನ್ನು ಟೈಪು ಮಾಡುವ ಕೆಲಸವೂ ಈಗ ನನಗೇ ಬಂತು. ಹೆಸರು ನನ್ನದು, ಬೆರಳು ನನ್ನವು, ಮಾತು ಮಾತ್ರ ಅವರದು. ಒಂದು ಸಲ ಅವರು ಬರೆದಿದ್ದರು: 'ಬೆಳಗಿನ ಜಾವ ನಾನು ಜೋಳದ ರೊಟ್ಟಿ ಲಟ್ಟಿಸುತ್ತಿದ್ದರೆ ಅತ್ತೆಯವರು ಆಸೆಯಿಂದ ಕಾದು ಕೂರುತ್ತಾರೆ.' ಲಟ್ಟಣಿಗೆ ಹಿಡಿದು ಜೋಳದ ರೊಟ್ಟಿ ಮಾಡುವವರನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ. ತಿದ್ದಬಹುದಿತ್ತು. ತಿದ್ದಲಿಲ್ಲ. ಊರಲ್ಲಿ ಮಾಸ್ತರರ ಹೆಂಡತಿ ಆ ಪುಟವನ್ನು ಅವ್ವನಿಗೆ ಪ್ರತಿ ವಾರ ಓದಿ ಹೇಳುತ್ತಾಳೆಂದು ನನಗೆ ಗೊತ್ತಿತ್ತು. ನಾನು ಸುಖವಾಗಿದ್ದೇನೆಂದು ಅವ್ವ ಓಣಿ ತುಂಬ ಹೇಳಿಕೊಂಡು ಬಂದಿದ್ದಳು. ಅವಳೊಬ್ಬಳಿಗಾದರೂ ಅನುಮಾನ ಬರಲಿ, ಇದು ನನ್ನ ಮಗಳ ಮಾತಲ್ಲ ಎಂದು ತಿಳಿಯಲಿ ಎಂಬುದು ನನ್ನ ಆಸೆ.

ಬಂತು. ಆ ವಾರವೇ ಅವ್ವನ ಫೋನು.

"ಗಂಗವ್ವ, ಜ್ವಾಳದ ರೊಟ್ಟಿ ಲಟ್ಟಸ್ತೀನಿ ಅಂತ ಬರದಿಯಂತ?"

"ಹೂಂ."

"ನನ್ನ ಮಗಳು ರೊಟ್ಟಿ ಲಟ್ಟಸೂದಿಲ್ಲ. ಖರೆ ಹೇಳ, ಇದನ್ನ ಯಾರ ಬರದಾರ?"

ಫೋನಿದ್ದದ್ದು ನಡುಮನೆಯಲ್ಲಿ. ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಕೈ ನಿಂತಿತ್ತು. "ಎಲ್ಲಾ ಆರಾಮ ಅದೀವಿ ಅವ್ವ" ಎಂದು ಫೋನಿಟ್ಟೆ. ಅಳು ಒತ್ತರಿಸಿ ಬಂತು. ಈರುಳ್ಳಿ ಹೆಚ್ಚಲು ಅಡುಗೆಮನೆಗೆ ಹೋದೆ.

ಮಾರನೆಯ ದಿನ ಅಂಗಡಿಯಲ್ಲಿ ಕರೆಂಟು ಹೋಯಿತು, ಮಾಲೀಕರು ಕಾಫಿಗೆ ಹೋದರು. ನನಗೆ ಅಂತ ಸಿಗುತ್ತಿದ್ದ ಹೊತ್ತು ಅದೊಂದೇ. ಅಚ್ಚು ಕೆಟ್ಟ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ನಾನೇ ಬರೆದೆ. ಬಡಿಯಲಾಗದ ರೊಟ್ಟಿ, ಗೇಟಿನ ಚಿಲಕ, ಕಾಲುನೋವು ಕೇಳುವಾಗ ನಾನು ಹುಡುಕುವ ಪೆನ್ನು, ಕ್ಲಾಸು ಬಿಟ್ಟ ಮೇಲೆ ಮನೆಗೆ ಬೇಕೆಂದೇ ನಿಧಾನ ನಡೆಯುವುದು, ಎಲ್ಲ ಬರೆದೆ. ಕರೆಂಟು ಬಂದ ಮೇಲೆ ಯಜಮಾನರ ಹಾಳೆಗಳನ್ನು ಬದಿಗಿಟ್ಟು ಇದನ್ನು ಟೈಪು ಮಾಡಿ ಅವರ ಲಕೋಟೆಯಲ್ಲೇ ಪತ್ರಿಕೆಗೆ ಕಳಿಸಿದೆ.

ಅಚ್ಚಾಯಿತು. ಯಜಮಾನರು ನಿಂತುಕೊಂಡೇ ಓದಿದರು.

"ನಾನು ನಿನ್ನನ್ನ ಮಾತಾಡ್ಸೋದು ಬರೆಯೋಕೆ ಅಂತಾನಾ?"

"ಅಲ್ಲ ಅಂದ್ರ ಅಲ್ಲ ಅನ್ರಿ."

ಪತ್ರಿಕೆ ಮಡಚಿದರು. "ಮೊದಲು ಅಲ್ಲ. ಆಮೇಲಾಮೇಲೆ ನನಗೂ ಗೊತ್ತಾಗ್ತಿರಲಿಲ್ಲ" ಎಂದರು. ಆ ಮನುಷ್ಯನ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ನನಗೆ ಪೂರ್ತಿ ನಂಬಿಕೆ ಬಂದದ್ದು ಅದೊಂದೇ. ಅಂದಿನಿಂದ ಪುಟ ನನಗೇ ಬಿಟ್ಟರು. ಅತ್ತೆ ಮಾತ್ರ, "ರೊಟ್ಟಿ ಬೇಕಿದ್ರೆ ಮಾಡ್ಕೋಮ್ಮಾ, ನಾನೇನು ಬೇಡ ಅಂದಿದ್ನಾ?" ಎಂದು, ಎದ್ದು ಹೋಗಿ ಅಡುಗೆಮನೆಯ ಕಿಟಕಿ ಭದ್ರವಾಗಿ ಮುಚ್ಚಿದರು.

ಅವ್ವನ ಫೋನಿಗೆ ಕಾದೆ. ಬರಲಿಲ್ಲ. ಪರೀಕ್ಷೆ ಮುಗಿಸಿ, ಮಗಳನ್ನು ಕರೆದುಕೊಂಡು ಊರಿಗೇ ಹೋದೆ. ಒಲೆಯ ಮುಂದೆ ಕೂತಾಗ ನಾನಾಗಿಯೇ ಕೇಳಿದೆ: "ಮಾಸ್ತರ ಮನಿಯವರು ಓದಿ ಹೇಳಿದ್ರೇನವ್ವ?"

"ಹೇಳಿದ್ಲು. ರೊಟ್ಟೀದೊಂದು ಖರೆ ಬರದಾರ. ಉಳದದ್ದು ನಾ ನಂಬಲಿಲ್ಲ."

"ಅದನ್ನ ನಾನ ಬರದೀನವ್ವ. ಮೊದಲಿನವು ಅವರು ಬರದದ್ದು."

ಅವ್ವ ತಲೆ ಅಲ್ಲಾಡಿಸಿದಳು. "ಮೊದಲಿನವು ನಿನ್ನಂಗ ಇದ್ವು. ನಗೂದು, ಎಲ್ಲಾರ ಕೂಡ ಹೊಂದ್ಕೊಂಡ ಹೋಗೂದು. ಇದನ್ನ ಬರದಾಕಿ ಕಂಡ ಕಂಡವರನ್ನ ಸಂಶೇದಿಂದ ನೋಡ್ತಾಳ. ಗಂಡನ ಕಿಸೆ ನೋಡ್ತಾಳ. ನನ್ನ ಮಗಳು ಅಂಥಾಕಿ ಅಲ್ಲ."

ಯಾರೋ ಬರೆದ ಸುಳ್ಳಿನಲ್ಲಿ ಅವಳಿಗೆ ಮಗಳು ಸಿಕ್ಕಿದ್ದಳು. ನಾನು ಬರೆದ ನಿಜದಲ್ಲಿ ಕಾಣಿಸಿದ್ದು ಬೆಂಗಳೂರಿನ ಯಾವಳೋ ಹೆಂಗಸು. ಆ ಹೆಂಗಸು ಅಲ್ಲೇ, ಅವಳ ಒಲೆಯ ಮುಂದೆ ಕೂತಿದ್ದಳು.

ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಕೈ ಮರೆತಿರಬಹುದೆಂದು ಹೆದರಿದ್ದೆ. ಮರೆತಿರಲಿಲ್ಲ, ರೊಟ್ಟಿ ತೆಳ್ಳಗೆ ಅಗಲವಾಗುತ್ತ ಹೋಯಿತು. ಅವ್ವ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತ ಕೂತಳು. ಅದನ್ನು ಹಂಚಿಗೆ ಹಾಕಿದ ಮೇಲೆ ಮೆಲ್ಲಗೆ, "ಕೈ ನಿಂದ ಐತಿ" ಎಂದಳು.

ನಿಜಕ್ಕೂ ಗುರುತು ಹಿಡಿದು ಅಂದಳೋ, ಮರುದಿನ ಹೊರಡುವ ಮಗಳ ಸಮಾಧಾನಕ್ಕೆ ಅಂದಳೋ ಗೊತ್ತಾಗಲಿಲ್ಲ. ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು, ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಆ ಕಡೆ ತಿರುಗಿ ಕೂತು, ಮತ್ತೆ ಬಡಿದೆ.